ಬೆಳಿಗ್ಗೆ ಹತ್ತೂವರೆಯ ಅಳು

(ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದ ಕುಟುಂಬವಿದು. ಮನೆಯಲ್ಲಿ ಮೂವರು ಮಕ್ಕಳು. ಮಗನಿಗೆ 8 ವರ್ಷ, ಮಗಳಿಗೆ 5, ಕೊನೆಯ ಕೂಸಿಗೆ ಒಂದೂವರೆ. ದೊಡ್ಡವರಿಬ್ಬರಿಗೂ ಹೋಮ್‌ಸ್ಕೂಲಿಂಗ್, ಅಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ. ಕಲಿಸುವವರು ತಾಯಿ. ತಂದೆ ಕೆಲಸ ಮುಗಿಸಿ ಸಂಜೆ 7ಕ್ಕೆ ಮನೆ ಸೇರುತ್ತಾರೆ.

"ಪುಸ್ತಕ ತೆಗೆದ್ರೆ ಸಾಕು, ಮಗ ಅಳ್ತಾನೆ. ನಾನು ಕಿರುಚ್ತೀನಿ. ಶಾಲೆಗೇ ಹಾಕೋಣ ಅಂತಾರೆ ಇವರು" ಎಂದರು ತಾಯಿ. ತಂದೆಯ ದೂರು ಬೇರೆ: "ಇವತ್ತು ಏನು ಕಲಿತ್ರಿ ಅಂತ ಕೇಳಿದ್ರೆ ಒಬ್ಬರೂ ಬಾಯಿ ಬಿಡಲ್ಲ. ಕೇಳಿದ್ದೇ ತಪ್ಪಾ?"

ಶಾಲೆಯೋ ಮನೆಯೋ ಎಂಬ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಆರು ವಾರ ಮುಂದಕ್ಕೆ ಹಾಕಿದೆವು. ಇಬ್ಬರೂ ದಣಿದಿರುವಾಗ ಮಾಡಿದ ಇಂಥ ತೀರ್ಮಾನ ಮುಂದಿನ ಜಗಳಕ್ಕೆ ಮತ್ತೆ ಮೇಲೇಳುತ್ತದೆ. ಮೊದಲ ಏಳು ದಿನ ಏನನ್ನೂ ಬದಲಿಸದೆ, ಪಾಠ ಹೇಗೆ ನಡೆಯಿತು, ಅಳು ಯಾವಾಗ ಬಂತು ಎಂದು ಬರೆದಿಡಲು ಹೇಳಿದ್ದಾಯಿತು. ಒಂದು ಹಾಳೆ, ನಾಲ್ಕು ಕಾಲಂ: ಎಷ್ಟು ಗಂಟೆ, ಯಾವ ಪಾಠ, ಕೂಸು ಆಗ ಎಲ್ಲಿತ್ತು, ತಾಯಿಯ ದಣಿವಿಗೆ 10ರಲ್ಲಿ ಎಷ್ಟು ಅಂಕ.

ಹಾಳೆ ನೋಡಿದಾಗ ಅಳು, ಕೂಗಾಟಗಳು ದಿನವಿಡೀ ಹರಡಿಕೊಂಡಿರಲಿಲ್ಲ. ಬಹುಪಾಲು 10.30ರಿಂದ 11.30ರ ಒಳಗೇ ಇದ್ದವು. ಆ ಹೊತ್ತಿಗೆ ಮಗ ಒಂದೂವರೆ ಗಂಟೆ ಕೂತಾಗಿರುತ್ತಿತ್ತು, ಕೂಸಿಗೆ ನಿದ್ದೆ ಎಳೆಯುತ್ತಿತ್ತು, ವೇಳಾಪಟ್ಟಿಯಲ್ಲಿ ಗಣಿತ ಬರುತ್ತಿತ್ತು. ಮೂರೂ ಒಟ್ಟಿಗೆ. ದಣಿವಿನ ಕಾಲಂನಲ್ಲಿ ಬೆಳಿಗ್ಗೆ 9ಕ್ಕೇ 6 ಅಂಕ. ವಿಚಾರಿಸಿದರೆ, ರಾತ್ರಿ 12ರವರೆಗೆ ಕೂತು ಮಾರನೆಯ ದಿನದ ಅಭ್ಯಾಸದ ಹಾಳೆಗಳನ್ನು ಬರೆಯುವುದು, 5 ಗಂಟೆ ನಿದ್ದೆ.

ಪಾಠ ನಡೆಯುತ್ತಿದ್ದದ್ದು 9ರಿಂದ 1ರವರೆಗೆ, 40 ನಿಮಿಷದ ಪೀರಿಯಡ್‌ಗಳಲ್ಲಿ. ಶಾಲೆಯಿಂದ ಎತ್ತಿಕೊಂಡ ಅಳತೆ ಇದು. ಶಾಲೆಯ ಹೊತ್ತಿನಲ್ಲಿ ಹಾಜರಿ ಕರೆಯುವುದು, ಎಲ್ಲರೂ ಬರೆದು ಮುಗಿಸುವವರೆಗೆ ಕಾಯುವುದು, ಗದ್ದಲ ಅಡಗಿಸುವುದು ಎಲ್ಲ ಸೇರಿರುತ್ತದೆ. ಒಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಅದ್ಯಾವುದೂ ಇಲ್ಲ. ಈ ಮಗನಿಗೆ ದಿನಕ್ಕೆ ಒಂದೂವರೆ ಗಂಟೆ, 20 ನಿಮಿಷದ ತುಂಡುಗಳಾಗಿ. ಮಗಳಿಗೆ ಒಟ್ಟು 30 ನಿಮಿಷ ಎಂದು ಗೊತ್ತುಮಾಡಿದೆವು. ತಾಯಿಗೆ ಇದರಿಂದ ನೆಮ್ಮದಿಗಿಂತ ಭಯವೇ ಹೆಚ್ಚಾಯಿತು. "ಇಷ್ಟು ಸಾಕಾ?" ಎಂದು ಮೂರು ಸಲ ಕೇಳಿದರು. ಆ ಭಯ ಸಹಜ. ಹೊತ್ತು ಕಡಿಮೆ ಮಾಡಿದ ಮೇಲೆ ಮಗ ಏನು ಮಾಡಬಲ್ಲ ಎಂದು ನೋಡಿಯೇ ಅದು ಇಳಿಯಬೇಕು, ಮಾತಿನಿಂದ ಇಳಿಯುವುದಿಲ್ಲ.

ಗಣಿತದ ಅಳುವಿಗೆ ಅದರದೇ ಕಾರಣವಿತ್ತು. ಮಗನ ಪುಸ್ತಕದಲ್ಲಿ 52ರಲ್ಲಿ 27 ಕಳೆದರೆ 35 ಎಂದಿತ್ತು. 64ರಲ್ಲಿ 38 ಕಳೆದಾಗ 34. ಪುಟದ ತುಂಬ ಇದೇ ತಪ್ಪು. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಎಂದು ಕಂಡ ಕೂಡಲೇ ಹುಡುಗ 7ರಿಂದ 2 ಕಳೆಯುತ್ತಿದ್ದ. ಅವನ ಲೆಕ್ಕದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದೇ ನಿಯಮ, ಆ ನಿಯಮವನ್ನು ತಪ್ಪದೆ ಪಾಲಿಸುತ್ತಿದ್ದ. ಹಾಗಿರುವಾಗ "ಸರಿಯಾಗಿ ನೋಡಿ ಬರಿ" ಎಂದರೆ ಅವನಿಗೇನು ತಿಳಿಯಬೇಕು? ನೋಡಿಯೇ ಬರೆದಿದ್ದಾನೆ. ತಪ್ಪು ಎಂದು ಮತ್ತೆ ಮತ್ತೆ ಕೇಳಿಸಿಕೊಂಡಾಗ ಉಳಿದ ದಾರಿ ಅಳು.

ಎರಡು ವಾರ ಪುಸ್ತಕ ಮುಚ್ಚಿಟ್ಟು ಕಡ್ಡಿ ಹಿಡಿಯಲು ಹೇಳಲಾಯಿತು. 100 ಕಡ್ಡಿ, ಹತ್ತತ್ತರ ಕಟ್ಟಿಗೆ ಒಂದೊಂದು ರಬ್ಬರ್ ಬ್ಯಾಂಡ್. 52 ಎಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. 27 ಕೊಡು ಎಂದಾಗ ಕೈಯಲ್ಲಿರುವ ಎರಡು ಬಿಡಿ ಸಾಲುವುದಿಲ್ಲ, ಒಂದು ಕಟ್ಟು ಬಿಚ್ಚಲೇಬೇಕು. ಆ ಬಿಚ್ಚುವ ಕೆಲಸ ಮಗುವಿನ ಕೈಯಿಂದಲೇ ಆಗಬೇಕು. ತಾಯಿ ಬಿಚ್ಚಿಕೊಟ್ಟರೆ ಪಾಠ ತಾಯಿಗೆ ಆದಂತೆ. ದಿನಕ್ಕೆ ಐದೇ ಲೆಕ್ಕ. ಆರನೇ ದಿನದಿಂದ ಕಡ್ಡಿಯ ಪಕ್ಕದಲ್ಲೇ ಅದನ್ನು ಅಂಕಿಯಲ್ಲಿ ಬರೆಯುವುದು. ಮುಗಿದ ಮೇಲೆ ಕಡ್ಡಿ, ರಬ್ಬರ್ ಬ್ಯಾಂಡ್ ಎರಡನ್ನೂ ಎಣಿಸಿ ಡಬ್ಬಿಗೆ ಹಾಕಿ ಎತ್ತರದಲ್ಲಿಡಬೇಕು. ಒಂದೂವರೆ ವರ್ಷದ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ.

ಇನ್ನು ಆ ಕೂಸು. ಇಂಥ ಮನೆಗಳಲ್ಲಿ ಪಾಠ ಕೆಡುವುದು ಹೆಚ್ಚಾಗಿ ಚಿಕ್ಕ ಮಗುವಿನ ಕಡೆಯಿಂದ, ಆದರೆ ಬೈಗುಳ ಬೀಳುವುದು ದೊಡ್ಡವರಿಗೆ. "ಮೊದಲು ಪಾಠ ಮುಗಿಸಿ ಆಮೇಲೆ ನಿನ್ನನ್ನು ಎತ್ತಿಕೊಳ್ತೀನಿ" ಎಂಬ ಕ್ರಮ ತಿರುಗಬೇಕು ಎಂದು ಹೇಳಿದೆವು. ಪಾಠ ಶುರುವಾಗುವ ಮೊದಲಿನ 15 ನಿಮಿಷ ಪೂರ್ತಿ ಕೂಸಿಗೆ: ನೆಲದ ಮೇಲೆ ಕೂತು, ಫೋನ್ ಬೇರೆ ಕೋಣೆಯಲ್ಲಿಟ್ಟು, ಅದು ಆಡಿಸಿದಂತೆ ಆಡುವುದು. ಅಮ್ಮನ ಜೊತೆ ಆಡಿ ತಣಿದ ಮಗು ಸ್ವಲ್ಪ ಹೊತ್ತಾದರೂ ತಾನಾಗಿ ದೂರ ಹೋಗುತ್ತದೆ. ಆ ಸ್ವಲ್ಪ ಹೊತ್ತು 15 ನಿಮಿಷ ಎಂದು ಲೆಕ್ಕ ಹಾಕಿ, ಮಗಳ ಓದು ಆ ಹೊತ್ತಿಗೆ. ಕೂಸಿನ ಆಟಕ್ಕೆ, ಪಾಠದ ಹೊತ್ತಿಗಷ್ಟೇ ಹೊರಬರುವ ಮೂರು ಡಬ್ಬಿಗಳು, ಒಂದೊಂದರಲ್ಲಿ ನಾಲ್ಕೈದು ವಸ್ತು, ದಿನಕ್ಕೊಂದರಂತೆ ಸರದಿ. ಮುಚ್ಚಳವಿರುವ ಪಾತ್ರೆ, ಬಟ್ಟೆಯ ತುಂಡು, ದಪ್ಪ ರಟ್ಟಿನ ಪುಸ್ತಕ ಸಾಕು. ಮಗನ ಗಣಿತ ಮಾತ್ರ ಕೂಸು ಮಲಗಿದ ಮೇಲೆಯೇ, ಗಡಿಯಾರ ಎಷ್ಟೇ ತೋರಿಸಲಿ. ಹಾಗಾಗಿ ವೇಳಾಪಟ್ಟಿಯಲ್ಲಿದ್ದ ಗಂಟೆಗಳನ್ನು ಅಳಿಸಿ "ತಿಂಡಿ ಆದ ಮೇಲೆ", "ಕೂಸು ಮಲಗಿದ ಮೇಲೆ", "ಊಟಕ್ಕೆ ಮೊದಲು" ಎಂದು ಬರೆದೆವು. 9.00 ಎಂದು ಬರೆದಿದ್ದರೆ 9.20ಕ್ಕೇ ದಿನ ಹಾಳಾಯಿತು ಎನ್ನಿಸುತ್ತದೆ. "ತಿಂಡಿ ಆದ ಮೇಲೆ" ಎಂಬುದು ತಡವಾಗುವುದೇ ಇಲ್ಲ.

ಮಗಳ ವಿಷಯದಲ್ಲಿ ಹೆಚ್ಚೇನಿರಲಿಲ್ಲ. ಅಕ್ಷರ ಗುರುತಿಸುತ್ತಾಳೆ, ಬರೆಯಲು ಒಲ್ಲಳು, ಪೆನ್ಸಿಲ್ ಒತ್ತಿ ಹಿಡಿದು ಎರಡು ಸಾಲಿಗೇ ಕೈನೋವು. ಬರೆಯುವುದನ್ನು ಓದಿನಿಂದ ಬೇರ್ಪಡಿಸಿ, ಕೆಲವು ತಿಂಗಳು ಜೇಡಿಮಣ್ಣು, ಕತ್ತರಿ, ಗೋಡೆಯ ಹಲಗೆಯ ಮೇಲೆ ಚಿಕ್ಕ ಸೀಮೆಸುಣ್ಣದ ತುಂಡು. ತುಂಡು ಚಿಕ್ಕದಾದಷ್ಟೂ ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ.

ತಂದೆಗೆ ಹೇಳಿದ ಮಾತು: ನಿಮ್ಮ ಪ್ರಶ್ನೆಯಲ್ಲಿ ಪ್ರೀತಿಯೇ ಇದೆ, ಆದರೆ ಅದು ಮಕ್ಕಳಿಗೆ ಪರೀಕ್ಷೆಯಾಗಿ, ಹೆಂಡತಿಗೆ ತಪಾಸಣೆಯಾಗಿ ಕೇಳಿಸುತ್ತಿದೆ. ಮನೆಗೆ ಬಂದ ಮೊದಲ ಅರ್ಧ ಗಂಟೆ ಪಾಠದ ಸುದ್ದಿ ಬೇಡ. ಬದಲಿಗೆ ರಾತ್ರಿ ಮಲಗುವಾಗ 20 ನಿಮಿಷ ಕಥೆ ಓದುವುದು ನಿಮ್ಮ ಪಾಲಿನ ಪಾಠ. ವಾರದಲ್ಲಿ ಅರ್ಧ ದಿನ ಮೂವರೂ ನಿಮ್ಮೊಂದಿಗೆ, ತಾಯಿ ಮನೆಯಿಂದ ಹೊರಗೆ. ಮನೆಯೊಳಗೇ ಇದ್ದರೆ ಅದು ಬಿಡುವಲ್ಲ, ಬಾಗಿಲ ಹೊರಗೆ "ಅಮ್ಮಾ" ಕೇಳಿಸುತ್ತಲೇ ಇರುತ್ತದೆ. ತಾಯಿಗೆ ಒಂದು ಕಟ್ಟುನಿಟ್ಟು: ರಾತ್ರಿ 10ರ ನಂತರ ಪಾಠದ ತಯಾರಿ ಇಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಕೂತು ಅಷ್ಟೂ ದಿನದ್ದು ಮುಗಿಸುವುದು.

ಎರಡನೇ ವಾರ ಚೆನ್ನಾಗಿತ್ತು. ಮೂರನೇ ವಾರ ಕೆಟ್ಟಿತು. ಪಾಠ ಬೇಗ ಮುಗಿಯುತ್ತದೆಂದು ತಾಯಿ ಇನ್ನೆರಡು ವಿಷಯ ಸೇರಿಸಿದ್ದರು, ಆಟದ ಡಬ್ಬಿಗಳು ಸಂಜೆಯೂ ತೆರೆದೇ ಇದ್ದುದರಿಂದ ಕೂಸಿಗೆ ಹಳತಾಗಿದ್ದವು. ಹೊಸ ವಿಷಯಗಳನ್ನು ತೆಗೆದು, ಡಬ್ಬಿಗಳನ್ನು ಬೀರುವಿನ ಮೇಲಿಟ್ಟ ಮೇಲೆ ಹಾಳೆ ಮತ್ತೆ ಹಗುರವಾಯಿತು.

ಎರಡು ವಿಷಯಗಳಿಗೆ ಆಪ್ತಸಲಹೆ ಸಾಲದು ಎಂದೂ ತಿಳಿಸಿದ್ದೆವು. ಮಗ ಹಲಗೆಯತ್ತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಅದಕ್ಕೆ ಕಣ್ಣಿನ ತಪಾಸಣೆ. ನಿದ್ದೆ ಸರಿಯಾದ ಮೇಲೂ ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ತಾಯಿ ವೈದ್ಯರನ್ನು ಕಾಣಬೇಕು. ಮಗನಿಗೆ ಕನ್ನಡಕ ಬಂತು. ತಾಯಿಗೆ ವೈದ್ಯರ ಅಗತ್ಯ ಬೀಳಲಿಲ್ಲ.

ಆರನೇ ವಾರದ ಭೇಟಿಗೆ ಮಗ ತನ್ನ ಪುಸ್ತಕ ತಂದಿದ್ದ. 81ರಲ್ಲಿ 46 ಕಳೆಯುವ ಲೆಕ್ಕದ ಪಕ್ಕದಲ್ಲಿ ಸಣ್ಣದೊಂದು ಕಟ್ಟಿನ ಚಿತ್ರ, ಅದರ ದಾರ ಬಿಚ್ಚಿದಂತೆ ಎರಡು ಗೆರೆ, ಉತ್ತರ 35. ವಾರಕ್ಕೆ ಒಂದೆರಡು ಸಲ ಅಳು ಇನ್ನೂ ಇದೆ. ಈ ವರ್ಷ ಮನೆಯಲ್ಲೇ, ವರ್ಷದ ಕೊನೆಗೆ ಮತ್ತೆ ಮಾತು ಎಂದು ದಂಪತಿ ತಾವೇ ಗೊತ್ತುಮಾಡಿಕೊಂಡಿದ್ದರು. ತಾಯಿಯ ಅರ್ಧ ದಿನದ ಬಿಡುವು ಮಾತ್ರ ಎರಡು ವಾರ ತಪ್ಪಿತ್ತು. ಅದನ್ನು ಯಾವ ದಿನ, ಯಾವ ಹೊತ್ತು ಎಂದು ತಂದೆಯ ಕೈಯಿಂದಲೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಸಲು ಹೇಳಿ ಕಳಿಸಿದೆವು.