ಉಡುಪಿಯಲ್ಲಿ ಸ್ವಂತ ಸೀಲಿಂಗ್ ಕಂಟ್ರಾಕ್ಟ್ ಶುರು ಮಾಡಲು ಎರಡು ಲಕ್ಷ ಸಾಕಾ?

ಐದು ವರ್ಷ ಬೇರೆಯವರ ಕೈಕೆಳಗೆ ಜಿಪ್ಸಂ ಸೀಲಿಂಗ್ ಮಾಡಿದ್ದೀರಿ, ಈಗ ಆರು ಜನರ ತಂಡ ಕಟ್ಟಿಕೊಂಡು ಉಡುಪಿಯಲ್ಲಿ ಸ್ವಂತವಾಗಿ ಇಳಿಯಬೇಕೆಂದಿದ್ದೀರಿ, ಕೈಯಲ್ಲಿ ಎರಡು ಲಕ್ಷ ಇದೆ, ಸಾಕಾ ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಗೋಡೆ ಪ್ಲಾಸ್ಟರಿಂಗ್, ಸೀಲಿಂಗ್ ಕೆಲಸ ವಹಿಸಿಕೊಂಡು ಮಾಡಿಸುತ್ತಿದ್ದೇನೆ. ಕೆಲಸ ಸಿಗುತ್ತದಾ ಎಂಬ ಚಿಂತೆ ಬೇಡ. ಮಣಿಪಾಲ, ಬ್ರಹ್ಮಾವರ, ಸುರತ್ಕಲ್ ಕಡೆ ಸುತ್ತಾಡಿದರೆ ನಿಮಗೇ ಗೊತ್ತಾಗುತ್ತದೆ. ಕಷ್ಟ ಇರುವುದು ದುಡ್ಡು ಬರುವ ದಿನಕ್ಕೂ ಕೊಡಬೇಕಾದ ದಿನಕ್ಕೂ ಇರುವ ಅಂತರದಲ್ಲಿ.

ನಮ್ಮದು ಹೆಚ್ಚು ಕಡಿಮೆ ಕೊನೆಯ ಕೆಲಸ ಅಲ್ವಾ? ಎಲೆಕ್ಟ್ರಿಷಿಯನ್ ವಯರಿಂಗ್ ಮುಗಿಸಬೇಕು, ಎಸಿಯವರು ತಾಮ್ರದ ಪೈಪ್ ಎಳೆಯಬೇಕು, ಮೇಲಿನ ಬಾತ್‌ರೂಮಿನ ಪೈಪ್‌ಗೆ ನೀರು ಬಿಟ್ಟು ನೋಡಬೇಕು. ಎಲ್ಲರೂ ಒಂದೊಂದು ವಾರ ತಡ ಮಾಡಿದರೆ ಅಷ್ಟೂ ವಾರ ನಮ್ಮ ಪಾಲಿನಿಂದ ಹೋಗುತ್ತದೆ. ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ಮುಹೂರ್ತ ಮಾತ್ರ ಮುಂದೆ ಹೋಗುವುದಿಲ್ಲ. ಮನೆಯವರು ಗಲ್ಫಿನಿಂದ ರಜೆಗೆ ಬಂದವರಾದರೆ ವಾಪಸ್ ಹೋಗುವ ಟಿಕೆಟ್ ಕೂಡ ಆಗಿರುತ್ತದೆ. ಕೆಲಸಕ್ಕೆ ಅಷ್ಟು ಅವಸರ, ಬಿಲ್ಲಿಗೆ ಮಾತ್ರ ಯಾರಿಗೂ ಅವಸರ ಇರುವುದಿಲ್ಲ. ಅದರ ಮೇಲೆ ಮುಂದೆ ದೋಷ ಕಂಡರೆ ಇರಲಿ ಎಂದು ಬಿಲ್ಲಿನಲ್ಲಿ ಒಂದಿಷ್ಟು ಹಿಡಿದಿಡುತ್ತಾರೆ, ಅದಕ್ಕೆ ರಿಟೆನ್ಷನ್ ಎನ್ನುತ್ತಾರೆ. ಬಿಲ್ಡರ್ ಕೆಲಸವಾದರೆ ಟಿಡಿಎಸ್ ಎಂದು ಆದಾಯ ತೆರಿಗೆಗೆ 1 ಪರ್ಸೆಂಟ್ ಮುರಿದುಕೊಳ್ಳುತ್ತಾರೆ. ಅದನ್ನು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಬಿಡಬೇಡಿ.

2022ರಲ್ಲಿ ಒಂದು ಅಪಾರ್ಟ್‌ಮೆಂಟಿನ ಬಿಲ್ ನಾಲ್ಕು ತಿಂಗಳು ಬರಲಿಲ್ಲ. ನನ್ನ ಹತ್ತಿರ ಬಂಗಾಳದ ಮಾಲ್ದಾದಿಂದ ಬಂದ ಎಂಟು ಹುಡುಗರಿದ್ದರು. ಶನಿವಾರ ಸಂಜೆ ಕೈಕಾಲು ತೊಳೆದು, ಪುಟ್ಟಿಯ ಖಾಲಿ ಚೀಲಗಳ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದರು. ಸಂಬಳ ಕೈಗೆ ಬಂದ ತಕ್ಷಣ ಊರಿಗೆ ಕಳಿಸಬೇಕು. ಒಂದು ಶನಿವಾರ ನಾನು ಬರಿಗೈಯಲ್ಲಿ ಹೋದೆ. ಯಾರೂ ಜಗಳ ಮಾಡಲಿಲ್ಲ. ಒಬ್ಬ ಮಾತ್ರ ಫೋನ್ ತೆಗೆದು ಮನೆಗೆ ಏನೋ ಹೇಳಿ, ಎದ್ದು ಹೊರಗೆ ಹೋದ. ಸೋಮವಾರ ಸಹಕಾರಿ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಎಲ್ಲರ ಲೆಕ್ಕ ಚುಕ್ತಾ ಮಾಡಿದೆ. ಆದರೂ ಮರುವಾರ ಇಬ್ಬರು ಒಳ್ಳೆಯ ಕೆಲಸಗಾರರು ಕೋಲ್ಕತ್ತಾ ಪಕ್ಕದ ಸಂತ್ರಾಗಾಛಿಯ ರೈಲು ಹತ್ತಿದರು, ಮತ್ತೆ ಬರಲಿಲ್ಲ. ಅವರದ್ದು ತಪ್ಪು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಆರಡಿ ನಾಲ್ಕಡಿಯ ಜಿಪ್ಸಂ ಬೋರ್ಡ್ ಹದಿನೆಂಟು ಇಪ್ಪತ್ತು ಕಿಲೋ ಇರುತ್ತದೆ. ದಿನವಿಡೀ ಅದನ್ನು ತಲೆಗೆ ಆನಿಸಿ ಎತ್ತಿ ಹಿಡಿದು ಸ್ಕ್ರೂ ಹೊಡೆಯುವವನಿಗೆ ಶನಿವಾರ ದುಡ್ಡು ಸಿಗಲೇಬೇಕು.

ನಮ್ಮೂರ ಹುಡುಗರನ್ನು ಕಲಿಸಿ ಬೆಳೆಸಲು ನಾನೂ ನೋಡಿದೆ. ಕಲಿತ ಮೇಲೆ ದುಬೈಗೋ ಬೆಂಗಳೂರಿಗೋ ಹೋಗುತ್ತಾರೆ. ಆದರೂ ಬಿಡಬೇಡಿ, ಒಬ್ಬರಾದರೂ ಊರಿನವರು ಇರಲಿ. ಈದ್, ಛಠ್ ಪೂಜೆ, ಚುನಾವಣೆ ಎಂದು ಉಳಿದವರು ಊರಿಗೆ ಹೋದಾಗ ಸೈಟ್ ನಿಲ್ಲಬಾರದು. ಕೆಲಸಗಾರರಿಗೆಲ್ಲ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರಿಗೆ ಆಗುತ್ತದೆ. ಹೊರರಾಜ್ಯದವರಿಗೂ ಆಗುತ್ತದೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ಬೋರ್ಡ್ ಸೇರುವ ಜಾಯಿಂಟಿಗೆ ಹಚ್ಚಿದ ಕಾಂಪೌಂಡ್ ಬೇಗ ಒಣಗುವುದಿಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಹೆಬ್ಬೆರಳಿಂದ ಒತ್ತಿದರೆ ಒಳಗೆ ಮೆತ್ತಗೆ ಇರುತ್ತದೆ. ಅದರ ಮೇಲೆಯೇ ಪೇಂಟ್ ಹೊಡೆಸಿದರೆ ದೀಪಾವಳಿ ಹೊತ್ತಿಗೆ ಜಾಯಿಂಟ್ ಉದ್ದಕ್ಕೂ ಗೆರೆ ಬರುತ್ತದೆ, ನಿಮಗೆ ಫೋನ್ ಬರುತ್ತದೆ. ಬಾತ್‌ರೂಮ್, ಸಿಟೌಟ್‌ಗೆ ಮಾಮೂಲಿ ಬೋರ್ಡ್ ಬೇಡವೇ ಬೇಡ, ಪಿವಿಸಿ ಅಥವಾ ಸಿಮೆಂಟ್ ಬೋರ್ಡ್ ಹೇಳಿ. ಸ್ಲ್ಯಾಬ್ ಸೋರಿದರೂ ಮೊದಲು ಬೈಗುಳ ಸೀಲಿಂಗಿನವನಿಗೆ. ಹಾಗಾಗಿ ಬೋರ್ಡ್ ಮುಚ್ಚುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆದು ಮನೆಯವರಿಗೆ ವಾಟ್ಸಾಪ್ ಮಾಡಿ. ಒದ್ದೆ ಗುರುತು ಕಂಡರೆ ಕೆಲಸ ನಿಲ್ಲಿಸಿ.

ರೇಟಿನ ವಿಷಯ. ಚದರಡಿಗೆ ಹತ್ತು ರೂಪಾಯಿ ಕಡಿಮೆ ಹೇಳುವವರು ಯಾವಾಗಲೂ ಇರುತ್ತಾರೆ. ಬೋರ್ಡ್ ಹಿಡಿದಿಡುವ ಲೋಹದ ಪಟ್ಟಿ, ಅಂದರೆ ಚಾನೆಲ್, ಹದಿನೆಂಟು ಇಂಚಿಗೆ ಒಂದು ಬರಬೇಕು. ಅದನ್ನು ಎರಡಡಿಗೆ ಹಾಕಿದರೆ ಕಡಿಮೆಗೆ ಆಗುತ್ತದೆ. ಎರಡು ಮಳೆಗಾಲ ಕಳೆಯುವಾಗ ಬೋರ್ಡ್ ಹೊಟ್ಟೆ ಬಿಡುತ್ತದೆ. ನೀವು ಆ ದಾರಿ ಹಿಡಿಯಬೇಡಿ ಮಾರಾಯ್ರೇ. ಕೋವ್ (ಅಂಚಿನಲ್ಲಿ ಲೈಟ್ ಅಡಗಿಸಲು ಬಿಡುವ ತಗ್ಗು), ಲೈಟಿನ ಕಟಿಂಗ್, ಪರ್ದೆ ಬಾಕ್ಸ್ ಇವುಗಳ ಅಳತೆ ಹೇಗೆ ಎಂದು ಕೊಟೇಷನ್‌ನಲ್ಲೇ ಬರೆಯಿರಿ. ಜಗಳ ಜಾಸ್ತಿ ಆಗುವುದು ಅಲ್ಲೇ.

ಈಗ ನಿಮ್ಮ ಎರಡು ಲಕ್ಷ. ಆರು ಜನಕ್ಕೆ ಸರಾಸರಿ 900 ರೂಪಾಯಿ ಹಿಡಿದರೆ ಆರು ದಿನದ ವಾರಕ್ಕೆ 32,400. ಬಿಲ್ ಬರಲು ಎಂಟು ವಾರ ಆದರೆ 2,59,200. ನಿಮ್ಮ ದುಡ್ಡು ಸಂಬಳಕ್ಕೇ ಸಾಲುವುದಿಲ್ಲ. ನಾಲ್ಕೇ ಜನ ಇಟ್ಟುಕೊಂಡರೆ 1,72,800, ಸಾಲುತ್ತದೆ. ಅದಕ್ಕೆ ಮೊದಲ ವರ್ಷ ಮೆಟೀರಿಯಲ್ ಮನೆಯವರೇ ಕೊಡುವ ಲೇಬರ್ ಕಂಟ್ರಾಕ್ಟ್ ಮಾತ್ರ ಹಿಡಿಯಿರಿ, ಬಿಲ್ಡರ್ ಕೆಲಸ ಆಮೇಲೆ. ಅಡ್ವಾನ್ಸ್ ಇಲ್ಲದೆ ಚಾನೆಲ್ ಏರಿಸಬೇಡಿ. ಚಾನೆಲ್ ಮುಗಿದಾಗ ಒಂದು ಕಂತು, ಬೋರ್ಡ್ ಮುಗಿದಾಗ ಇನ್ನೊಂದು. ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ ಶುರು ಮಾಡಿ. ಮೊದಲ ಕೊಟೇಷನ್ ಬರೆದಾಗ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.