ಕೊಡೆ ಮನೇಲೇ ಬಿಟ್ಟು ಬಾ ಮಾರಾಯ್ತಿ

ಪುಟ್ಟಾ, ನಿನ್ನ ಮೆಸೇಜ್ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡ. ಜನವರಿ ಬ್ಯಾಚಿಗೆ ಎಂಎಸ್ಸಿ ಓದೋಕೆ ಸ್ಕಾಟ್ಲೆಂಡಿನ ಅಬರ್ದೀನ್‌ಗೆ ಬರ್ತಿದೀನಿ ಅಕ್ಕ, 23 ಕೆಜಿದು ಒಂದೇ ಸೂಟ್‌ಕೇಸು, ಅಮ್ಮ ಆಗ್ಲೇ ಅದ್ರಲ್ಲಿ ಎರಡು ರಜಾಯಿ, ಮೂರು ಸ್ವೆಟರ್ರು, ಒಂದು ಉದ್ದ ಕೊಡೆ ತುಂಬಿಟ್ಟಿದಾರೆ, ಇನ್ನೇನ್ ತರ್ಲಿ ಅಂತ ಕೇಳಿದೀಯ. ಇನ್ನೇನು ಅನ್ನೋದು ಆಮೇಲೆ, ಮೊದ್ಲು ಆ ರಜಾಯಿ, ಕೊಡೆ ಎರಡನ್ನೂ ಹೊರಗ್ ತೆಗಿ.

ನಾನು ತೀರ್ಥಹಳ್ಳಿ ಕಡೆಯೋಳು. ಇಲ್ಲಿಗೆ ಬರೋವಾಗ ನಂಗೆ ಸಿಕ್ಕಾಪಟ್ಟೆ ಜಂಬ ಇತ್ತು, ಆಗುಂಬೆ ಪಕ್ಕದಲ್ಲಿ ಬೆಳೆದೋಳಿಗೆ ಮಳೆ ಅಂದ್ರೇನು ಅಂತ ಬೇರೆಯೋರು ಹೇಳ್ಕೊಡ್ಬೇಕಾ ಅಂತ. ಲೆಕ್ಕದಲ್ಲಿ ನೋಡಿದ್ರೆ ನನ್ ಜಂಬ ಸರಿನೇ. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತೆ, ಅಬರ್ದೀನಲ್ಲಿ ಸುಮಾರು 800, ಅಂದ್ರೆ ಬೆಂಗಳೂರಿಗಿಂತ್ಲೂ ಕಮ್ಮಿ. ಆದ್ರೆ ಆ 800 ಬೀಳೋ ರೀತಿ ಇದ್ಯಲ್ಲ, ಅದೇ ಬೇರೆ. ನಮ್ಮಲ್ಲಿ ಮಳೆ ಬಂತು ಅಂದ್ರೆ ಧೋ ಅಂತ ಸುರಿದು ಒಂದು ಹೊತ್ತಿಗೆ ನಿಂತ್ಕೊಳ್ಳುತ್ತೆ, ಇಲ್ಲಿ ಹಿಟ್ಟು ಜರಡಿ ಹಿಡಿದಂಗೆ ಸಣ್ಣಗೆ, ಜಿಟಿಜಿಟಿ, ಬಂತೋ ಇಲ್ವೋ ಅನ್ನೋ ಥರ ಇಡೀ ದಿನ, ಜೊತೆಗೆ ನಾರ್ತ್ ಸೀ ಕಡೆಯಿಂದ ಗಾಳಿ. ಮಳೆಗಾಲದಲ್ಲಿ ಜಗಲಿ ಅಂಚಲ್ಲಿ ಕೂತ್ರೆ ಎರಚಲು ಹೊಡಿಯುತ್ತಲ್ಲ, ಹಂಗೆ, ಇಲ್ಲಿ ಇಡೀ ಊರೇ ಜಗಲಿ ಅಂಚು. ಮೇಲಿಂದ ಬರೋದು ಕಮ್ಮಿ, ಪಕ್ಕದಿಂದ ಬರೋದೇ ಜಾಸ್ತಿ.

ಅದಕ್ಕೇ ಕೊಡೆ ಬೇಡ ಅಂದಿದ್ದು. ಬಂದ ಮೊದಲ ವಾರ ಯೂನಿಯನ್ ಸ್ಟ್ರೀಟಲ್ಲಿ ಒಂದು ಮೂಲೆ ತಿರುಗ್ತಿದ್ದಂಗೆ ನನ್ ಕೊಡೆ ಉಲ್ಟಾ ಆಗಿ ಎರಡು ಕಡ್ಡಿ ಕಿತ್ಕೊಂಡು ಬಂತು, ಸುತ್ತ ನೋಡ್ತೀನಿ, ಅಷ್ಟು ಜನದಲ್ಲಿ ಇನ್ನೊಬ್ಬರ ಕೈಲೂ ಕೊಡೆ ಇಲ್ಲ. ಎಲ್ಲರೂ ಟೋಪಿ ಎಳ್ಕೊಂಡು ತಲೆ ಬಗ್ಗಿಸ್ಕೊಂಡು ಹೋಗ್ತಿದಾರೆ. ನಮ್ಮಜ್ಜಿ ಗದ್ದೆ ನಾಟಿಗೆ ಹೋಗೋವಾಗ ಬೆನ್ನಿಗೆ ಗೊರಬು ಹಾಕ್ಕೊಂಡು ಬಗ್ಗಿ ಕೆಲಸ ಮಾಡ್ತಿದ್ದಿದ್ದು ನೆನಪಾಯ್ತು. ಕೊಡೆ ಹಿಡಿದ್ರೆ ಒಂದ್ ಕೈ ಹೋಯ್ತು, ಗಾಳಿ ಬಂದ್ರೆ ಕೊಡೇನೇ ಹೋಯ್ತು, ಮೈಗೆ ಅಂಟ್ಕೊಂಡಿರೋದೇ ಸರಿ ಅಂತ ಅಜ್ಜಿಗೆ ಯಾವಾಗ್ಲೋ ಗೊತ್ತಿತ್ತು, ನಂಗೆ ಗೊತ್ತಾಗೋಕೆ ಸ್ಕಾಟ್ಲೆಂಡಿಗೇ ಬರ್ಬೇಕಾಯ್ತು.

ಇನ್ನೊಂದು ದಡ್ಡತನ ಕೇಳು. ಹೊರಡೋ ಮುಂಚೆ ಬೆಂಗಳೂರಲ್ಲಿ ಸುತ್ತಿ ಸುತ್ತಿ ಮಂಡಿವರೆಗೆ ಬರೋ ದಪ್ಪ ಉಲನ್ ಕೋಟ್ ತಗೊಂಡಿದ್ದೆ, ಅವತ್ತಿನ ನನ್ ಅರ್ಧ ತಿಂಗಳ ಸಂಬಳ. ಒಂದೇ ಮಳೇಲಿ ಅದು ನೀರು ಕುಡ್ದು ಕುಡ್ದು ನೆನೆದ ಕಂಬಳಿ ಥರ ಭಾರ ಆಗಿ, ಒಣಗೋಕೆ ನಾಲ್ಕು ದಿನ ತಗೊಳ್ತು, ರೂಮ್ ತುಂಬ ಕುರಿ ವಾಸನೆ. ಇಲ್ಲಿ ಚಳಿ ಕಾಟ ಅಷ್ಟಿಲ್ಲ ಪುಟ್ಟಾ. ಜನವರಿಲಿ ಹಗಲು ಆರೇಳು ಡಿಗ್ರಿ, ರಾತ್ರಿ ಸೊನ್ನೆ ಹತ್ರ, ಕೆನಡಾದೋರು ಕೇಳಿದ್ರೆ ನಗ್ತಾರೆ. ಆದ್ರೆ ನಮ್ ಮೈ ಸುತ್ತ ಬೆಚ್ಚಗಿನ ಗಾಳಿದೊಂದು ತೆಳು ಪದರ ಇರುತ್ತಲ್ಲ, ಬೀಸೋ ಗಾಳಿ ಅದನ್ನ ಗುಡಿಸ್ಕೊಂಡು ಹೋಗುತ್ತೆ, ಬಟ್ಟೆ ಒದ್ದೆ ಆದ್ರಂತೂ ಮೈ ಬಿಸಿ ಎಲ್ಲಾ ಅದೇ ಎಳ್ಕೊಳ್ಳುತ್ತೆ. ಫೋನಲ್ಲಿ 4 ಡಿಗ್ರಿ ಅಂತ ತೋರಿಸ್ತಿರುತ್ತೆ, ಬೀಚ್ ಕಡೆ ಹೋದ್ರೆ ಕಿವಿ ಇದ್ಯೋ ಇಲ್ವೋ ಅಂತ ಮುಟ್ಟಿ ನೋಡ್ಕೋಬೇಕು.

ಹಂಗಾಗಿ ದಪ್ಪಂದು ಒಂದು ಬೇಡ, ತೆಳುವಂದು ಮೂರು ಬೇಕು. ಒಳಗೆ ಮೈಗಂಟೋ ಥರ್ಮಲ್, ಅದ್ರ ಮೇಲೆ ಫ್ಲೀಸು ಅನ್ನೋ ಹಗುರದ ಮೆತ್ತನೆ ಸ್ವೆಟರ್ ಥರದ್ದು, ಎಲ್ಲಕ್ಕಿಂತ ಮೇಲೆ ನೀರು ಗಾಳಿ ಎರಡನ್ನೂ ತಡಿಯೋ ಜಾಕೆಟ್. ದುಡ್ಡು ಹಾಕೋದಾದ್ರೆ ಈ ಜಾಕೆಟ್ಟಿಗೆ ಹಾಕು, ಉಳಿದಿದ್ರಲ್ಲಿ ಜಿಪುಣತನ ಮಾಡು. ಫ್ಲೈಟಿಗೆ ಬೆಂಗಳೂರಿಗೆ ಬಂದೇ ಬರ್ತೀಯಲ್ಲ, ಒಂದಿನ ಮುಂಚೆ ಬಂದು ಡೆಕಾತ್ಲಾನಿಗೆ ಹೋಗು, ಲೇಬಲ್ ಓದು. ವಾಟರ್ ರೆಸಿಸ್ಟೆಂಟ್ ಅಂತಿದ್ರೆ ಹತ್ತು ನಿಮಿಷದ ಮಳೆಗೆ ಅಷ್ಟೇ, ವಾಟರ್‌ಪ್ರೂಫ್ ಅಂತ ಇರ್ಬೇಕು, ಪಕ್ಕದಲ್ಲಿ 10,000 ಮಿಲಿಮೀಟರ್ ಅಂತ ಏನಾದ್ರೂ ಬರೆದಿದ್ರೆ ಒಳ್ಳೇದು, ಬಟ್ಟೆ ಎಷ್ಟೆತ್ತರದ ನೀರಿನ ಒತ್ತಡ ತಡ್ಕೊಳ್ಳುತ್ತೆ ಅನ್ನೋ ಲೆಕ್ಕ ಅದು. ಒಳಗಡೆ ತಿರುಗಿಸಿ ಹೊಲಿಗೆ ಮೇಲೆಲ್ಲಾ ಟೇಪ್ ಅಂಟಿಸಿದಾರಾ ನೋಡು, ಇಲ್ಲಾಂದ್ರೆ ಸೂಜಿ ತೂತಲ್ಲೇ ನೀರು ಬರುತ್ತೆ. ಹುಡ್ಡಿಗೆ, ಅಂದ್ರೆ ಜಾಕೆಟ್ಟಿನ ಟೋಪಿಗೆ, ಎಳೆದು ಬಿಗಿ ಮಾಡೋ ದಾರ ಇರ್ಲೇಬೇಕು, ಇಲ್ಲದಿದ್ರೆ ಗಾಳಿ ಬಂದಾಗೆಲ್ಲ ಅದು ಬೆನ್ನ ಹಿಂದೆ. ಸೈಜು ಒಂದು ದೊಡ್ಡದೇ ತಗೋ, ಒಳಗೆ ಎರಡು ಪದರ ಹಿಡಿಸ್ಬೇಕು. ಪುಕ್ಕ ತುಂಬಿದ ಪಫರ್ ಜಾಕೆಟ್ ನೋಡೋಕೆ ಚಂದ, ನೆನೆದ್ರೆ ನೆನೆದ ಕೋಳಿನೇ. ಆಮೇಲೆ ಮಳೆ ಜಾಕೆಟ್ಟನ್ನ ಮಾಮೂಲಿ ಸರ್ಫಲ್ಲಿ ಒಗಿಬೇಡ, ಮೇಲಿನ ನೀರು ಜಾರೋ ಲೇಪ ಹಾಳಾಗುತ್ತೆ, ಅದಕ್ಕೇ ಅಂತ ಬೇರೆ ಲಿಕ್ವಿಡ್ ಇಲ್ಲೇ ಸಿಗುತ್ತೆ.

ಜೀನ್ಸ್ ಒಂದೇ ಒಂದು ತಗೊಂಡ್ ಬಾ. ತೊಡೆ ಹತ್ರ ನೆಂದ ಜೀನ್ಸ್ ಹಾಕ್ಕೊಂಡು ಎರಡು ಗಂಟೆ ಲೆಕ್ಚರ್ ಕೇಳೋದು ಯಾವ ಶತ್ರುಗೂ ಬೇಡ. ಕಾಟನ್ ಅಂದ್ರೆ ದಾವಣಗೆರೆ ಬಿಸಿಲಿಗೆ ದೇವರು, ಇಲ್ಲಿಗೆ ಶನಿ, ನೀರು ಹಿಡ್ಕೊಂಡ್ರೆ ಬಿಡಲ್ಲ. ಒಣಗಿಸೋದೂ ಒಂದು ತಲೆನೋವೇ. ನಮ್ಮಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಿದ್ವಿ, ಹೊಗೆ ವಾಸನೆ ಬಂದ್ರೂ ಒಣಗ್ತಿತ್ತು, ಇಲ್ಲಿ ಸಣ್ಣ ರೂಮಲ್ಲಿ ಕಿಟಕಿ ಮುಚ್ಕೊಂಡು ರೇಡಿಯೇಟರ್ ಮೇಲೆ ಬಟ್ಟೆ ಹರವಿದ್ರೆ ತಿಂಗಳಲ್ಲಿ ಗೋಡೆಗೆ ಕಪ್ಪು ಬೂಷ್ಟು. ದಿನಕ್ಕೆ ಹತ್ತು ನಿಮಿಷನಾದ್ರೂ ಕಿಟಕಿ ತೆಗೀಬೇಕು, ಎಷ್ಟೇ ಚಳಿ ಇರ್ಲಿ. ಬೇಗ ಒಣಗೋ ಬಟ್ಟೆ ಆರಿಸ್ಕೋ ಅಂತ ಹೇಳೋದು ಇದಕ್ಕೇ.

ಶೂ ವಿಷಯ. ಕ್ಯಾನ್ವಾಸ್ ಶೂ ಬೇಡ್ವೇ ಬೇಡ. ವಾಟರ್‌ಪ್ರೂಫ್ ಇರೋ, ಅಡಿ ಹಲ್ಲು ಹಲ್ಲಾಗಿರೋ ಒಂದು ಜೊತೆ, ಯಾಕಂದ್ರೆ ಈ ಊರೆಲ್ಲಾ ಗ್ರಾನೈಟು, ಬೆಳಿಗ್ಗೆ ಕಣ್ಣಿಗೆ ಕಾಣದಂಥ ಐಸ್ ಕಟ್ಟಿರುತ್ತೆ, ನಾನು ಮೊದಲ ಚಳಿಗಾಲದಲ್ಲಿ ಬಸ್ ಸ್ಟಾಪಲ್ಲಿ ಅಂಗಾತ ಬಿದ್ದಿದೀನಿ. ಉಣ್ಣೆ ಸಾಕ್ಸ್ ನಾಲ್ಕು ಜೊತೆ ಸಾಕು, ಉಣ್ಣೆ ಒದ್ದೆ ಆದ್ರೂ ಒಂದಷ್ಟು ಬೆಚ್ಚಗಿರುತ್ತೆ. ಕಿವಿ ಮುಚ್ಚೋ ಕುಲಾವಿ ಒಂದು, ಅಮ್ಮ ಮಂಕಿ ಕ್ಯಾಪ್ ಕೊಟ್ರೆ ನಾಚ್ಕೋಬೇಡ, ಫೆಬ್ರವರಿಲಿ ನೀನೇ ಹುಡುಕ್ತೀಯ. ಕನ್ನಡಕ ಹಾಕ್ತೀಯಾದ್ರೆ ಹುಡ್ಡಿನ ಒಳಗೆ ಒಂದು ಕ್ರಿಕೆಟ್ ಕ್ಯಾಪ್ ಹಾಕ್ಕೋ, ಅದರ ಮುಂದಿನ ಅಂಚು ಹನಿ ತಡಿಯುತ್ತೆ, ಇದು ನಾನೇ ಕಂಡ್ಕೊಂಡಿದ್ದು.

ರಜಾಯಿ ಯಾಕೆ ಬೇಡ ಅಂದ್ರೆ ಇಲ್ಲಿ ಡುವೆ ಅಂತ ಹೊದಿಯೋ ಹಗುರ ರಜಾಯಿ ಸಿಗುತ್ತೆ, ಅಗ್ಗಕ್ಕೆ, ಪ್ರೈಮಾರ್ಕ್ ಅನ್ನೋ ಅಂಗಡೀಲೇ ಸಿಗುತ್ತೆ. ಸ್ವೆಟರ್ರಿಗೆ ಚಾರಿಟಿ ಶಾಪ್ ನೋಡು, ಇಲ್ಲಿನೋರು ಒಳ್ಳೊಳ್ಳೆ ಉಣ್ಣೆ ಸ್ವೆಟರ್ ತಂದು ಕೊಟ್ಟಿರ್ತಾರೆ, ನಾನೀಗ ಹಾಕ್ಕೊಂಡಿರೋದೂ ಅಲ್ಲಿಂದೇ. ಉಳಿದ ಕೆಜಿನೆಲ್ಲಾ ಇಲ್ಲಿ ಸಿಗದೇ ಇರೋದಕ್ಕೆ ಇಟ್ಕೋ. ಹುಳಿಪುಡಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಅದನ್ನ ಮೂರು ಕವರ್ ಸುತ್ತಿ, ಎಣ್ಣೆ ಇಳಿದ್ರೆ ಜಾಕೆಟ್ ಹೋಯ್ತು. ತುಪ್ಪ, ಪೇಡ ತರ್ಬೇಡ, ನಮ್ ಕಡೆಯಿಂದ ಹಾಲಿಂದ್ ಪದಾರ್ಥ ಬ್ರಿಟನ್ನಿಗೆ ಬಿಡಲ್ಲ, ಏರ್ಪೋರ್ಟಲ್ಲೇ ಕಿತ್ಕೋತಾರೆ. ಕೊಬ್ಬರಿ ಎಣ್ಣೆ ಸಣ್ಣ ಬಾಯಿ ಬಾಟ್ಲಿಲಿ ತಂದ್ಯೋ ಕೆಟ್ಟೆ, ಇಲ್ಲಿ ಅದು ವರ್ಷಪೂರ್ತಿ ಕಲ್ಲು, ಅಗಲ ಬಾಯಿ ಡಬ್ಬಿಗೆ ಹಾಕು, ಸ್ಪೂನಲ್ಲಿ ಕೆರ್ಕೋಬಹುದು. ಹಾಂ, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕೋವಾಗ ಎಕ್ಸಾಸ್ಟ್ ಹಾಕಿ ಅಡುಗೆಮನೆ ಬಾಗಿಲು ಮುಚ್ಕೋ. 2022ರಿಂದ ಸ್ಕಾಟ್ಲೆಂಡಲ್ಲಿ ಮನೆಯ ಹೊಗೆ, ಬಿಸಿ ಪತ್ತೆ ಮಾಡೋ ಅಲಾರ್ಮುಗಳೆಲ್ಲಾ ಒಂದಕ್ಕೊಂದು ಜೋಡಿಸಿರ್ಬೇಕು ಅನ್ನೋ ಕಾನೂನಿದೆ, ಒಂದು ಕೂಗಿದ್ರೆ ಎಲ್ಲಾ ಕೂಗುತ್ವೆ, ಆ ಮಳೇಲಿ ಎಲ್ಲರೂ ಹೊರಗೆ.

ಕತ್ತಲೆಗೂ ಸ್ವಲ್ಪ ರೆಡಿಯಾಗು. ಜನವರಿ ಶುರುಲಿ ಮುಕ್ಕಾಲು ಒಂಬತ್ತರ ಹತ್ರ ಸೂರ್ಯ ಬರ್ತಾನೆ, ಸಂಜೆ 4ರೊಳಗೆ ಹೋಗ್ಬಿಡ್ತಾನೆ. ಅಕ್ಟೋಬರಿಂದ ಮಾರ್ಚ್‌ವರೆಗೆ ವಿಟಮಿನ್ ಡಿ ದಿನಾ 10 ಮೈಕ್ರೋಗ್ರಾಂ ತಗೊಳ್ಳಿ ಅಂತ ಇಲ್ಲಿನ ಸರ್ಕಾರನೇ ಹೇಳುತ್ತೆ, ನಮ್ ಬಣ್ಣದೋರಿಗೆ ಇಡೀ ವರ್ಷ ತಗೊಳ್ಳೋದ್ರ ಬಗ್ಗೆ ಯೋಚ್ನೆ ಮಾಡಿ ಅಂತಾರೆ. ಅದು ಇಲ್ಲೇ ಅಗ್ಗ, ಹೊತ್ಕೊಂಡು ಬರ್ಬೇಡ. ನೀನು ದಿನಾ ತಗೊಳ್ಳೋ ಮಾತ್ರೆ ಏನಾದ್ರೂ ಇದ್ರೆ ಡಾಕ್ಟರ್ ಚೀಟಿ ಜೊತೆ ತಾ, ಇಲ್ಲಿ ಡಾಕ್ಟರ್ ಹತ್ರ ರಿಜಿಸ್ಟರ್ ಆದ್ಮೇಲೆ ಪ್ರಿಸ್ಕ್ರಿಪ್ಷನ್ ಫ್ರೀ, ಆದ್ರೆ ಅಲ್ಲಿವರೆಗೆ ಬೇಕಲ್ಲ. ಸ್ಟಾರ್ಮ್ ಬಂತು ಅಂತ ನ್ಯೂಸಲ್ಲಿ ಹೇಳಿದ್ರೆ ತಮಾಷೆ ಅನ್ಕೋಬೇಡ, 2021ರ ನವೆಂಬರಲ್ಲಿ ಆರ್ವೆನ್ ಅಂತ ಬಂದಾಗ ಸುತ್ತಮುತ್ತ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ದಿನಗಟ್ಟಲೆ ಕರೆಂಟ್ ಇರ್ಲಿಲ್ಲ. ಒಂದು ಪವರ್ ಬ್ಯಾಂಕ್ ಇಟ್ಕೋ, ಅದು ಕ್ಯಾಬಿನ್ ಬ್ಯಾಗಲ್ಲಿ.

ಕ್ಯಾಬಿನ್ ಬ್ಯಾಗ್ ಅಂದಾಗ ನೆನಪಾಯ್ತು, ನನ್ ಸೂಟ್‌ಕೇಸು ನಾನು ಬಂದು ಮೂರು ದಿನ ಆದ್ಮೇಲೆ ಬಂತು, ಬೆಚ್ಚಗಿನ ಬಟ್ಟೆಯೆಲ್ಲಾ ಅದ್ರಲ್ಲಿ, ನಾನು ಚೂಡಿದಾರದಲ್ಲಿ. ಅದಕ್ಕೇ ಜಾಕೆಟ್ಟು, ಶೂ ಎರಡೂ ಹಾಕ್ಕೊಂಡೇ ಫ್ಲೈಟ್ ಹತ್ತು, ಮೂರು ಕೆಜಿ ತೂಕನೂ ಉಳಿಯುತ್ತೆ. ಒಂದು ಥರ್ಮಲ್, ಒಂದು ಫ್ಲೀಸ್, ಪೇಪರ್ಸೆಲ್ಲಾ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೈಚೀಲದಲ್ಲಿಟ್ಕೋ. ಏರ್ಪೋರ್ಟಿಂದ ಊರೊಳಗೆ 727 ನಂಬರ್ ಬಸ್ಸಿದೆ. ಬಸ್ ಸ್ಟಾಪಲ್ಲಿ ಯಾರಾದ್ರೂ 'ಫಿಟ್ ಲೈಕ್' ಅಂದ್ರೆ ಗಾಬರಿಯಾಗ್ಬೇಡ, ಹೇಗಿದೀಯ ಅಂತ ಕೇಳ್ತಿರೋದು. ಗ್ಲೌಸ್ ಮಾತ್ರ ಜಾಕೆಟ್ ಜೇಬಲ್ಲೇ ಇರ್ಲಿ, ಏರ್ಪೋರ್ಟಿನ ಬಾಗಿಲು ತಂತಾನೇ ತೆಗ್ಕೊಳ್ಳುತ್ತೆ ನೋಡು, ಅಲ್ಲಿಂದ್ಲೇ ಬೇಕು.