ನೆಟ್‌ವರ್ಕ್ ಸರಿ ಇಲ್ಲದ ಕೊಡಗಿನ ಶಾಲೆಗೆ ಯಾವ ಆನ್‌ಲೈನ್ ಸಾಮಗ್ರಿ ಒಳ್ಳೆಯದು?
ಮಳೆಗಾಲದಲ್ಲಿ ಭಾಗಮಂಡಲದ ಕಡೆ ಕರೆಂಟಿಗೇ ಗ್ಯಾರಂಟಿ ಇಲ್ಲ, ಇನ್ನು ನೆಟ್‌ವರ್ಕ್ ಕೇಳಬೇಕಾ? ಅದಕ್ಕೇ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವಂಥವನ್ನು ಮುಂದಿಡುತ್ತೇನೆ.

ವಿಜ್ಞಾನಕ್ಕೆ ನನ್ನ ಓಟು ಫೆಟ್‌ಗೆ. ಕಂಪ್ಯೂಟರ್ ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ತಾಣ (PhET) ಇದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯ 2002ರಲ್ಲಿ ಶುರು ಮಾಡಿದ್ದು, ಉಚಿತ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಅದರ ಸರ್ಕ್ಯೂಟ್ ಕಿಟ್‌ನಲ್ಲಿ ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸಬಹುದು. ತಂತಿ ಬಿಟ್ಟುಹೋದರೆ ಬಲ್ಬು ಆರುತ್ತದೆ. ಬ್ಯಾಟರಿಯ ಎರಡು ತುದಿಗೆ ನೇರವಾಗಿ ತಂತಿ ಕೊಟ್ಟರೆ ಪರದೆಯ ಮೇಲೆ ಬೆಂಕಿ! ಮಕ್ಕಳು ಬೇಕಂತಲೇ ಅದನ್ನೇ ಮಾಡುತ್ತಾರೆ, ಮಾಡಲಿ ಬಿಡಿ. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ.

ಗಣಿತಕ್ಕೆ ಆಕೃತಿ, ಗ್ರಾಫ್ ಬರೆದು ನೋಡುವ ಜಿಯೋಜೀಬ್ರಾ (GeoGebra) ಸಾಕು.

ಕನ್ನಡ ಓದಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನೋಡಿ. ಮಕ್ಕಳ ಕಥೆ ಪುಸ್ತಕಗಳ ತಾಣ ಅದು. ಕಥೆಗಳು ಸುಲಭದಿಂದ ಕಷ್ಟಕ್ಕೆ 4 ಹಂತದಲ್ಲಿವೆ, ಪ್ರಿಂಟ್ ತೆಗೆಯಬಹುದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳು ಜಾಸ್ತಿ ಇದ್ದರೆ ತರಗತಿ ಯಾವುದೇ ಇರಲಿ, 1ನೇ ಹಂತದಿಂದಲೇ ಶುರು ಮಾಡಿ.

ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ನಿಮಗೆ ಗೊತ್ತೇ ಇರುತ್ತೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನದ್ದು. ವಿಡಿಯೊ ತೋರಿಸುವ ಮುಂಚೆ ಒಮ್ಮೆ ಪೂರ್ತಿ ನೋಡಿಬಿಡಿ.

ನೆಟ್ ಸಿಕ್ಕ ದಿನ ಮಾತ್ರ ಗೂಗಲ್ ಅರ್ಥ್ ತೆಗೆದು ತಲಕಾವೇರಿಯಿಂದ ಕುಶಾಲನಗರದವರೆಗೆ ಕಾವೇರಿ ಹೊಳೆ ಹಿಡಿದು ಹೋಗಿ.